ಮೊದಲಿನ ಹಾಗೆ

ನಮ್ಮಂಥ ತಾಲೂಕು ಊರುಗಳಲ್ಲಿಯೂ ಈಗ ‘ಸಮಗ್ರ ಚಿಕಿತ್ಸೆ’ ಎಂಬ ಫಲಕಗಳು ಕಾಣತೊಡಗಿವೆ. ಯೋಗ, ಪ್ರಾಣಾಯಾಮ, ಎಣ್ಣೆ ಮಾಲೀಸು, ಪಥ್ಯದ ಊಟ, ಧ್ಯಾನ, ಜೊತೆಗೆ ಎದುರು ಕೂಡಿಸಿಕೊಂಡು ಮಾತನಾಡಿಸುವ ಆಪ್ತಸಮಾಲೋಚನೆ, ಎಲ್ಲವೂ ಒಂದೇ ಸೂರಿನ ಕೆಳಗೆ. ದೇಹಕ್ಕೊಬ್ಬರು, ಮನಸ್ಸಿಗೊಬ್ಬರು ಎಂದು ಹಂಚಿಕೊಳ್ಳದೆ ಇಡೀ ಮನುಷ್ಯನನ್ನು ನೋಡುತ್ತೇವೆ ಎನ್ನುವುದು ಅವರ ಭರವಸೆ. ಅಲ್ಲಿಗೆ ಹೋಗುವವರಲ್ಲಿ ನನ್ನ ವಯಸ್ಸಿನ ಹೆಂಗಸರು ಬಹಳ. ಗಂಡ ತೀರಿಕೊಂಡವರು, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ ಮನೆ ಬಣಗುಟ್ಟುತ್ತಿರುವವರು, ಮುಟ್ಟು ನಿಲ್ಲುವ ಕಾಲದಲ್ಲಿ ಮೈಯೆಲ್ಲ ಕಾವೇರಿ ನಡುರಾತ್ರಿ ಎದ್ದು ಕೂಡುವವರು, ನೌಕರಿಯಿಂದ ನಿವೃತ್ತರಾದವರು. ರೋಗವೆಂದು ಹೇಳಲು ಬಾರದ, ಆರೋಗ್ಯವೆಂದೂ ಹೇಳಲಾಗದ ಸ್ಥಿತಿ ಅವರದು.

ಇಂಥವರನ್ನು ಕರೆದುಕೊಂಡು ಬರುವ ಮನೆಯವರ ಬಾಯಲ್ಲಿ ಸಾಮಾನ್ಯವಾಗಿ ಒಂದೇ ಮಾತು: “ಹೆಂಗಾರ ಮಾಡಿ ಮೊದಲಿನ ಹಾಂಗ ಮಾಡಿಕೊಡ್ರಿ.” ಈ ಮಾತಿನಲ್ಲಿ ಪ್ರೀತಿ ಇಲ್ಲವೆಂದು ಹೇಳಲಾರೆ. ನಗುತ್ತಿದ್ದವಳು ನಗುತ್ತಿಲ್ಲ, ಉಣ್ಣುತ್ತಿದ್ದವಳು ಉಣ್ಣುತ್ತಿಲ್ಲ ಎಂಬ ಸಂಕಟ ಅದರಲ್ಲಿದೆ. ಆದರೂ ಅದನ್ನು ಕೇಳಿದಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ಬದುಕೇ ಬದಲಾಗಿ ಹೋದ ಮೇಲೆ ಒಬ್ಬ ಮನುಷ್ಯಳು ಮೊದಲಿನ ಹಾಗೆ ಇರಬೇಕೆಂದು ಕೇಳುವುದು ನ್ಯಾಯವೇ? ಚಿಕಿತ್ಸೆ ಎಂದರೆ ಹಳೆಯ ರೂಪಕ್ಕೆ ಮರಳಿಸುವುದೋ, ಹೊಸ ರೂಪಕ್ಕೆ ದಾರಿ ಮಾಡಿಕೊಡುವುದೋ? ನನಗೀಗ 57 ವರ್ಷ. ಇನ್ನು ಮೂರು ವರ್ಷಕ್ಕೆ ನಾನೂ ಶಾಲೆ ಬಿಟ್ಟು ಮನೆಗೆ ಬರುವವಳು. ಹಾಗಾಗಿ ಇದು ನನಗೆ ಬರೀ ಪುಸ್ತಕದ ಪ್ರಶ್ನೆಯಲ್ಲ.

‘ಸಮಗ್ರ’ ಎಂಬ ಮಾತು ನಮಗೆ ಹೊಸದಲ್ಲ. ನಮ್ಮ ಆಯುರ್ವೇದದ ‘ಸ್ವಸ್ಥ’ ಎಂಬ ಶಬ್ದವನ್ನೇ ನೋಡಿ. ಸ್ವ ಎಂದರೆ ತಾನು, ಸ್ಥ ಎಂದರೆ ನಿಂತವನು. ತನ್ನಲ್ಲಿ ತಾನು ನೆಲೆಯಾಗಿ ನಿಂತವರು ಸ್ವಸ್ಥರು. ಇಷ್ಟು ಒಳ್ಳೆಯ ಶಬ್ದವನ್ನು ನಾವು ರಜೆ ಚೀಟಿಗಳಲ್ಲಿ ‘ಅಸ್ವಸ್ಥಳಾದ್ದರಿಂದ’ ಎಂದು ಬರೆದು ಬರೆದು ಸವೆಸಿಬಿಟ್ಟಿದ್ದೇವೆ. ಆದರೆ ನೆಲೆ ನಿಲ್ಲಬೇಕಾದ ಆ ‘ತಾನು’ವೇ ಬದಲಾಗುತ್ತಿರುವಾಗ ಎಲ್ಲಿ ನಿಲ್ಲಬೇಕು? ನಿನ್ನೆಯವರೆಗೆ ಹೆಂಡತಿಯಾಗಿದ್ದವಳು ಇಂದು ವಿಧವೆ. ನಿನ್ನೆಯವರೆಗೆ ಹೆಡ್‌ಮಿಸ್ಟ್ರೆಸ್ ಆಗಿದ್ದವಳು ಇಂದು ಮನೆಯಲ್ಲಿ ಕಾಯಿಪಲ್ಲೆ ಸೋಸುವ ಮುದುಕಿ. ಕಾಲ ಕೆಳಗಿನ ನೆಲವೇ ಸರಿದವರಿಗೆ ‘ಗಟ್ಟಿಯಾಗಿ ನಿಲ್ಲು’ ಎಂದರೆ ಏನು ಪ್ರಯೋಜನ?

ಇಂಗ್ಲಿಷಿನಲ್ಲಿ ಇಂಥ ಚಿಕಿತ್ಸೆಗೆ ಹೋಲಿಸ್ಟಿಕ್ ಎನ್ನುತ್ತಾರೆ. ಅದರ ಮೂಲವಾದ ‘ಹೋಲಿಸಂ’ ಎಂಬ ಶಬ್ದವನ್ನು 1926ರಲ್ಲಿ ತನ್ನ ಪುಸ್ತಕದ ಮೂಲಕ ಬಳಕೆಗೆ ತಂದವರು ದಕ್ಷಿಣ ಆಫ್ರಿಕದ ಜಾನ್ ಸ್ಮಟ್ಸ್. ಗಾಂಧೀಜಿ ಅಲ್ಲಿ ಸೆರೆಮನೆಯಲ್ಲಿದ್ದಾಗ ಚಪ್ಪಲಿ ಹೊಲಿದು ಕಾಣಿಕೆ ಕೊಟ್ಟರಲ್ಲ, ಅದೇ ಸ್ಮಟ್ಸ್. ಬಿಡಿ ಭಾಗಗಳ ಮೊತ್ತಕ್ಕಿಂತ ಇಡಿಯೇ ದೊಡ್ಡದು ಎಂದು ಬರೆದ ಈ ರಾಜಕಾರಣಿ ತನ್ನ ದೇಶದಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಇಡುವ ನೀತಿಯ ಬೆಂಬಲಿಗ. ಅವರ ‘ಇಡಿ’ಯಲ್ಲಿ ದೇಶದ ಬಹುಪಾಲು ಜನರಿಗೆ ಜಾಗವೇ ಇರಲಿಲ್ಲ. ಇದನ್ನು ಓದಿದಾಗಿನಿಂದ, ಯಾರಾದರೂ ‘ಸಮಗ್ರ’ ಎಂದರೆ ಅದರಿಂದ ಹೊರಗೆ ಉಳಿದವರು ಯಾರು ಎಂದು ನೋಡುವುದು ನನಗೆ ರೂಢಿಯಾಗಿದೆ.

ನಮ್ಮ ಹಿರಿಯರು ಬದುಕಿನ ತಿರುವುಗಳನ್ನು ಸುಮ್ಮನೆ ಬಿಟ್ಟವರಲ್ಲ. ಒಂದೊಂದು ತಿರುವಿಗೂ ಒಂದೊಂದು ಶಾಸ್ತ್ರ ಇಟ್ಟಿದ್ದರು. ಫ್ರೆಂಚ್ ವಿದ್ವಾಂಸ ಆರ್ನಾಲ್ಡ್ ವ್ಯಾನ್ ಗೆನ್ನೆಪ್ 1909ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇಂಥ ಆಚರಣೆಗಳಲ್ಲಿ ಮೂರು ಹಂತಗಳನ್ನು ಗುರುತಿಸಿದರು. ಮೊದಲು ಹಳೆಯ ಸ್ಥಾನದಿಂದ ಬಿಡಿಸುವುದು, ನಂತರ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಹೊಸ್ತಿಲ ಮೇಲಿನ ಕಾಲ, ಕೊನೆಗೆ ಹೊಸ ಸ್ಥಾನದಲ್ಲಿ ಜನರೊಳಗೆ ಮರಳಿ ಸೇರಿಸಿಕೊಳ್ಳುವುದು. ನಮ್ಮ ಬಾಣಂತನ ಇದಕ್ಕೆ ಒಳ್ಳೆಯ ಉದಾಹರಣೆ. ಹೆರಿಗೆಯಾದವಳನ್ನು ಮನೆಯ ಕೆಲಸದಿಂದ ಬಿಡಿಸುತ್ತಾರೆ. ಬೆಚ್ಚಗಿನ ಕೋಣೆಯಲ್ಲಿಟ್ಟು ಎಣ್ಣೆ, ಬಿಸಿನೀರು, ಕಿವಿಗೆ ಬಟ್ಟೆ, ಪಥ್ಯದ ಊಟ. ಆಮೇಲೆ ತೊಟ್ಟಿಲು, ಹೆಸರಿಡುವುದು, ಓಣಿಯ ಹೆಂಗಸರೆಲ್ಲ ಬಂದು ಹಾಡುವುದು. ಹೋದವಳು ಸೊಸೆ, ಹೊರಗೆ ಬಂದವಳು ತಾಯಿ. ಅವಳು ತಾಯಿಯಾದದ್ದನ್ನು ಊರೇ ಒಪ್ಪಿಕೊಂಡಿತು. ಆ ಕೋಣೆಯ ಕತ್ತಲೆ, ಹೊಗೆ, ನೀರು ಕೊಡದ ಕಟ್ಟುಪಾಡು ಇವನ್ನೆಲ್ಲ ನಾನು ಹೊಗಳುತ್ತಿಲ್ಲ. ಅವು ಹೋದದ್ದೇ ಒಳ್ಳೆಯದಾಯಿತು. ಆದರೆ ಮೂರು ಹಂತಗಳೂ ಅಲ್ಲಿದ್ದವು.

ಎಲ್ಲ ತಿರುವುಗಳಿಗೂ ಹೀಗೆ ಮೂರು ಹಂತ ಇರಲಿಲ್ಲ. ಗಂಡ ಸತ್ತವಳಿಗೆ ಮೊದಲನೆಯದು ಮಾತ್ರ. ಬಳೆ ಒಡೆದರು, ಕುಂಕುಮ ಅಳಿಸಿದರು, ಕೆಲವು ಜಾತಿಗಳಲ್ಲಿ ತಲೆಯನ್ನೂ ಬೋಳಿಸಿದರು. ಬಿಡಿಸುವ ಶಾಸ್ತ್ರ ಸಾಂಗವಾಗಿ ನಡೆಯಿತು. ಮರಳಿ ಕರೆದುಕೊಳ್ಳುವ ಶಾಸ್ತ್ರವನ್ನು ಯಾರೂ ಬರೆದಿರಲಿಲ್ಲ. ಅವಳು ಉಳಿದ ಆಯುಷ್ಯವನ್ನೆಲ್ಲ ಹೊಸ್ತಿಲ ಮೇಲೆಯೇ ಕಳೆಯಬೇಕು. ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲೇ ಮದುವೆ, 14ರ ಹೊತ್ತಿಗೆ ವೈಧವ್ಯ. ಆ ಹುಡುಗಿ ತಂದೆಯ ಆಸರೆಯಲ್ಲಿ ಓದಿ, ಕಾದಂಬರಿ ಬರೆದು, ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ತಾನೇ ನಡೆಸಿ, ಪತ್ರಿಕೆ ಹೊರಡಿಸಿ, 1982ರವರೆಗೆ ಬಾಳಿದರು. ಯಾರೂ ಕೊಡದ ಮೂರನೆಯ ಹಂತವನ್ನು ಅವರು ಅಕ್ಷರದಿಂದ ತಾವೇ ಕಟ್ಟಿಕೊಂಡರು ಎನ್ನಬೇಕು. ಓದುವ ಹೆಂಗಸರು ಅವರ ಪುಸ್ತಕ ಕೊಂಡು ಓದಿದಾಗ ಅವರನ್ನು ಲೇಖಕಿಯೆಂದು ಒಳಗೆ ಕರೆದುಕೊಂಡರು. ಆದರೆ ತಿರುಮಲಾಂಬನಂಥವರು ಎಷ್ಟು ಮಂದಿ?

ನಮ್ಮ ಕಾಲದವರೇ ಆದ ಮಂಜಮ್ಮ ಜೋಗತಿಯವರನ್ನು ನೆನೆಯಿರಿ. ಬಳ್ಳಾರಿ ಸೀಮೆಯಲ್ಲಿ ಗಂಡುಮಗುವಾಗಿ ಹುಟ್ಟಿ ಮಂಜುನಾಥನೆಂಬ ಹೆಸರು ಪಡೆದವರು, ತಾನು ಹೆಣ್ಣೆಂದು ಒಳಗಿನಿಂದ ಅರಿತು ಜೋಗತಿ ದೀಕ್ಷೆ ಪಡೆದರು. ದೀಕ್ಷೆಯಿಂದ ಹೆಸರು ಬದಲಾಯಿತು, ಉಡುಗೆ ಬದಲಾಯಿತು. ಆದರೆ ಮನೆಯ ಬಾಗಿಲು ಮುಚ್ಚಿ, ಭಿಕ್ಷೆಯ ದಾರಿ ತೆರೆಯಿತು. ಜೋಗತಿ ನೃತ್ಯ ಕಲಿತು, ಊರೂರು ಅಲೆದು ಕುಣಿದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಅವರು ಬದಲಾದದ್ದು ಹರೆಯದಲ್ಲಿ. ನಾವು ಒಪ್ಪಿಕೊಳ್ಳಲು ದಶಕಗಳು ಬೇಕಾದವು. ಈ ನಡುವಿನ ಅಂತರದಲ್ಲಿ ಅವರು ಪಟ್ಟ ನೋವಿಗೆ ಅವರ ಬದಲಾವಣೆ ಕಾರಣವೋ, ನಮ್ಮ ತಡವೋ? ನೋವಿಗೆ ಔಷಧಿ ಯಾರಿಗೆ ಕೊಡಬೇಕಿತ್ತು?

ಇನ್ನು ನಮ್ಮ ಸಾಧಾರಣ ತಿರುವುಗಳಿಗೆ ಬಂದರೆ ಒಂದು ಹಂತವೂ ಇಲ್ಲ. ಮುಟ್ಟು ನಿಲ್ಲುವುದಕ್ಕೆ ಯಾವ ಶಾಸ್ತ್ರವಿದೆ? ಹುಡುಗಿ ಮೈನೆರೆದಾಗ ಆರತಿ ಎತ್ತಿದ ಮನೆಯೇ, ಅದು ಮುಗಿದಾಗ ತುಟಿ ಬಿಚ್ಚುವುದಿಲ್ಲ. ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿ, ಹಾರ, ನಾಲ್ಕು ಭಾಷಣ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕೈಗೆ ವ್ಯಾನಿಟಿ ಬ್ಯಾಗು ತೆಗೆದುಕೊಂಡು ಎಲ್ಲಿಗೂ ಹೋಗದೆ ನಿಂತ ಗೆಳತಿಯರನ್ನು ನಾನು ಬಲ್ಲೆ. ಸಮಗ್ರ ಚಿಕಿತ್ಸೆಯ ಫಲಕಗಳು ಈಗ ಹೆಚ್ಚುತ್ತಿರುವುದು ಈ ಖಾಲಿ ಜಾಗದಲ್ಲಿಯೇ ಎಂದು ನನಗೆ ತೋರುತ್ತದೆ. ಅಜ್ಜಿಯರು ಮಾಡುತ್ತಿದ್ದುದನ್ನು ಈಗ ಹಣ ಕೊಟ್ಟು ಮಾಡಿಸಿಕೊಳ್ಳುತ್ತಿದ್ದೇವೆ. ಅದನ್ನು ಹೀಯಾಳಿಸಬೇಕಾಗಿಲ್ಲ. ಎಣ್ಣೆ ಹಚ್ಚುವ ಕೈ ಬಾಡಿಗೆಯದಾದರೂ ಬೆನ್ನಿಗೆ ಹಿತವೇ.

ಆದರೆ ಒಂದು ಎಚ್ಚರಿಕೆ ಬೇಕು. ಇಡೀ ಮನುಷ್ಯಳನ್ನು ನೋಡುತ್ತೇವೆ ಎನ್ನುವವರು ಅವಳ ರಕ್ತವನ್ನು ಬಿಟ್ಟರೆ ಅದೂ ಸಮಗ್ರವಲ್ಲ. ನನ್ನ ಸಹೋದ್ಯೋಗಿಯೊಬ್ಬರು ಮಗಳ ಮದುವೆಯಾಗಿ ಹೋದ ಮೇಲೆ ಸದಾ ಮಂಕಾಗಿರುತ್ತಿದ್ದರು. ದಣಿವು, ಚಳಿ ತಡೆಯದಿರುವುದು, ಮಲಬದ್ಧತೆ, ಉಣ್ಣದಿದ್ದರೂ ಮೈ ಬರುವುದು. ಮಗಳು ಹೋದ ದುಃಖ ಎಂದು ಎಲ್ಲರೂ ಅಂದರು. ಹತ್ತು ದಿನದ ಶಿಬಿರವೊಂದರಲ್ಲಿ ಹಣ್ಣಿನ ರಸ, ಧ್ಯಾನ ಎಲ್ಲ ಆಯಿತು. ಅಲ್ಲಿ ಯಾರೂ ರಕ್ತ ಪರೀಕ್ಷೆ ಕೇಳಲಿಲ್ಲ. ಮುಂದೆ ಊರಿನ ಡಾಕ್ಟರು ನೋಡಿಸಿದಾಗ ಥೈರಾಯಿಡ್ ಬಹಳ ಕಡಿಮೆ ಇತ್ತು. ದಿನಕ್ಕೊಂದು ಗುಳಿಗೆ, ಕೆಲವು ತಿಂಗಳಲ್ಲಿ ಮುಖಕ್ಕೆ ಕಳೆ ಬಂತು. ದುಃಖವೂ ಇತ್ತು, ಅದು ನಿಜ. ಆದರೆ ದುಃಖದ ಹೆಸರಿನಲ್ಲಿ ರೋಗ ಅಡಗಿ ಕುಳಿತಿತ್ತು. ಹಾಗೆಯೇ ಒಂದು ವರ್ಷ ಪೂರ್ತಿ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಅದು ಸ್ವಲ್ಪವೇ ಇದ್ದರೂ, ‘ವಯಸ್ಸಿನದು’ ಎಂದು ಸುಮ್ಮನಿರದೆ ಡಾಕ್ಟರಿಗೆ ತೋರಿಸಲೇಬೇಕು. ರಕ್ತದೊತ್ತಡದ, ಸಕ್ಕರೆಯ ಗುಳಿಗೆಗಳನ್ನು ಯಾರೋ ಹೇಳಿದರೆಂದು ನಿಲ್ಲಿಸಬಾರದು. ಇದನ್ನು ಓದುವ ಅಕ್ಕತಂಗಿಯರು ಇದೊಂದನ್ನು ನೆನಪಿಟ್ಟರೂ ನನಗೆ ಸಮಾಧಾನ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಬದಲಾದವಳು ಹಳೆಯವಳೇ ಹೌದೋ ಅಲ್ಲವೋ?

ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಯ ಹೆಸರನ್ನು ಬದಲಾಯಿಸುವ ಪದ್ಧತಿಯಿದೆ. ತಟ್ಟೆಯಲ್ಲಿ ಅಕ್ಕಿ ಹರವಿ ಅದರಲ್ಲಿ ಹೊಸ ಹೆಸರು ಬರೆಯುತ್ತಾರೆ. ಶಾಲೆಯ ದಾಖಲಾತಿ ರಜಿಸ್ಟರಿನಲ್ಲಿ ಮಾತ್ರ ತವರಿನ ಹೆಸರೇ ಉಳಿದಿರುತ್ತದೆ. ಒಮ್ಮೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಜನ್ಮತಾರೀಖಿನ ದಾಖಲೆ ಕೇಳಿಕೊಂಡು ಬಂದಳು. ಗಂಡ ತೀರಿಹೋಗಿದ್ದ. ವಿಧವಾ ವೇತನಕ್ಕೆ ಅರ್ಜಿ ಹಾಕಿದರೆ, ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಎರಡೂ ಹೆಸರಿನವಳು ಒಬ್ಬಳೇ ಎಂದು ಬಾಂಡ್ ಪೇಪರಿನ ಮೇಲೆ ಪ್ರಮಾಣ ಮಾಡಿ ನೋಟರಿ ಸಹಿ ಮಾಡಿಸಬೇಕೆಂದು ಹೇಳಿದ್ದರಂತೆ. “ಅಕ್ಕೋರ, ನಾನು ನಾನ ಹೌದು ಅಂತ ನಾನ ಬರಕೊಡಬೇಕಂತ್ರಿ” ಎಂದು ನಕ್ಕಳು. ನಕ್ಕವಳ ಕಣ್ಣಲ್ಲಿ ನೀರಿತ್ತು.

ಆ ಬಾಂಡ್ ಪೇಪರಿನ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅದರಲ್ಲಿ ಕಚೇರಿಯ ಗೋಳು ಇದ್ದರೂ ಒಂದು ಸತ್ಯವೂ ಇದೆ. ಎರಡು ಹೆಸರಿನವಳು ಒಬ್ಬಳೇ ಎಂದು ಒಪ್ಪಿದರೆ ಹಳೆಯ ಹೆಸರಿನ ಹಕ್ಕು ಹೊಸಬಳಿಗೆ ಬರುತ್ತದೆ, ಹಳೆಯ ಹೆಸರಿನ ಸಾಲವೂ ಬರುತ್ತದೆ. ಸಂಘದಲ್ಲಿ ಎತ್ತಿದ ಸಾಲವನ್ನು ‘ಅದು ಮೊದಲಿನ ನಾನು, ಈಗಿನ ನಾನಲ್ಲ’ ಎಂದು ಬಿಟ್ಟುಬಿಡಲಾಗುವುದಿಲ್ಲ. ‘ನೀನು ಬದಲಾಗು, ನಿನ್ನ ಇಚ್ಛೆಯಂತೆ ಬದುಕು’ ಎಂದು ಇತ್ತೀಚೆಗೆ ಬೋಧಿಸುವ ಕೆಲವರು ಈ ಸಾಲದ ಮಾತನ್ನು ಎತ್ತುವುದೇ ಇಲ್ಲ. ‘ಮೊದಲಿನ ಹಾಗೆ ಇರು’ ಎನ್ನುವ ಮನೆಯವರು ಸಾಲದ ಮಾತನ್ನು ಬಿಟ್ಟು ಬೇರೆ ಆಡುವುದೇ ಇಲ್ಲ. ಹಾಗಾದರೆ ಯಾವುದು ಸಾಲ, ಯಾವುದು ಸಾಲವೆಂದು ನಮ್ಮ ತಲೆಗೆ ಕಟ್ಟಿದ್ದು?

ನನ್ನ ನಾದಿನಿಯ ವಿಷಯ ಹೇಳಿದರೆ ಇದು ಸ್ಪಷ್ಟವಾದೀತು. ಗಂಡ ಹೋದಾಗ ಅವಳಿಗೆ 52. ಮಗ ಪುಣೆಯಲ್ಲಿ ಎಂಜಿನಿಯರು, ಸೊಸೆಯೂ ನೌಕರಿಯವಳು, ಮನೆಯಲ್ಲಿ ಎರಡು ವರ್ಷದ ಕೂಸು. ವರ್ಷಾಂತಿಕ ಮುಗಿದ ಮೇಲೆ ಅವ್ವ ಪುಣೆಗೆ ಬರುತ್ತಾಳೆ, ಕೂಸನ್ನು ನೋಡಿಕೊಳ್ಳುತ್ತಾಳೆ ಎಂದು ಅವರು ಧರಿಸಿಕೊಂಡಿದ್ದರು. ಇವಳು ಬರುವುದಿಲ್ಲ ಎಂದಳು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಊರಲ್ಲಿಯೇ ಇರುವೆ, ಹಾರ್ಮೋನಿಯಂ ಕಲಿಯುವೆ ಎಂದಳು. ಆರು ತಿಂಗಳು ಊಟ, ನಿದ್ದೆ ಸರಿಯಿಲ್ಲದೆ ಒಣಗಿದ್ದವಳು ಹಾರ್ಮೋನಿಯಂ ಎನ್ನುತ್ತಾಳೆಂದರೆ ತಲೆಗೇ ಏನೋ ಆಗಿರಬೇಕೆಂದು ಮಗನಿಗೆ ಗಾಬರಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿದ್ದ ಹೆಣ್ಣುಮಗಳು, ಆಪ್ತಸಮಾಲೋಚಕಿ, ಎಲ್ಲವನ್ನೂ ಕೇಳಿಸಿಕೊಂಡಳು. ಮಗ, “ಅವ್ವ ಮೊದಲಿನ ಹಾಂಗ ಆದ್ರ ಸಾಕ್ರಿ” ಎಂದ. ಆಕೆ ಮೆತ್ತಗೆ, “ಮೊದಲು ಅಂದ್ರ ಯಾವಾಗ?” ಎಂದು ಕೇಳಿದಳು. ಅವನಿಗೆ ಉತ್ತರ ಹೊಳೆಯಲಿಲ್ಲ. ನಾದಿನಿಯೇ ಹೇಳಿದಳು, “ಲಗ್ನದಕಿಂತ ಮೊದಲ ನಾ ಹಾಡತಿದ್ದೆ.” ಮಗನಿಗೆ ಅದು ಗೊತ್ತೇ ಇರಲಿಲ್ಲ.

ಆಕೆ ನಿದ್ದೆಗೆಂದು ಡಾಕ್ಟರ ಹತ್ತಿರ ಕೆಲವು ದಿನದ ಔಷಧಿ ಬರೆಸಿದಳು, ರಕ್ತ ಪರೀಕ್ಷೆ ಮಾಡಿಸಿದಳು, ಬೆಳಗಿನ ಹೊತ್ತು ನಡೆದಾಡಲು, ಉಸಿರಾಟದ ಅಭ್ಯಾಸ ಮಾಡಲು ಹೇಳಿದಳು. ಮುಂದಿನ ಸಲ ಸೊಸೆಯನ್ನೂ ಕರೆತನ್ನಿ ಎಂದಳು. ಮೂರು ಸಲ ಎಲ್ಲರೂ ಕೂಡಿ ಕುಳಿತ ಮೇಲೆ ಒಂದು ದಾರಿ ಕಂಡಿತು. ಕೂಸಿಗೆ ಅವರು ಒಬ್ಬ ಹೆಣ್ಣಾಳನ್ನು ಇಟ್ಟುಕೊಂಡರು. ಇವಳು ನಾಲ್ಕು ತಿಂಗಳಿಗೊಮ್ಮೆ ಹೋಗಿ ಒಂದು ತಿಂಗಳು ಇದ್ದು ಬರುವುದು, ಆಗ ಅತ್ತೆಯ ಹತ್ತಿರ ಮೈದುನನ ಹೆಂಡತಿ ಇರುವುದು. ಎಲ್ಲರೂ ಸಂತೋಷದಿಂದ ಒಪ್ಪಿದರೆಂದೇನೂ ಅಲ್ಲ. ಸೊಸೆಗೆ ಇನ್ನೂ ಬೇಸರವಿದೆ, ಅದಕ್ಕೆ ಕಾರಣವೂ ಇದೆ. ದುಡಿಯುವ ಹೆಣ್ಣಿನ ಕಷ್ಟ ನನಗೆ ಗೊತ್ತು. ಆದರೆ ನಾದಿನಿಯ ಲೆಕ್ಕ ನನಗೆ ಸರಿ ಕಂಡಿತು. ಅತ್ತೆಯ ಜವಾಬ್ದಾರಿ ಅವಳು ತಾನೇ ಹೊತ್ತುಕೊಂಡದ್ದು, ಗಂಡನಿಗೆ ಮಾತು ಕೊಟ್ಟದ್ದು. ಅದನ್ನು ಅವಳು ಬಿಡಲಿಲ್ಲ. ಪುಣೆಯದು ಅವಳನ್ನು ಕೇಳದೆಯೇ ಇತರರು ಅವಳ ಹೆಸರಿಗೆ ಬರೆದುಕೊಂಡದ್ದು. ಅಲ್ಲಿ ಅವಳು ಸಾಲಗಾರಳಲ್ಲ, ಪ್ರೀತಿಯಿಂದ ಕೊಡಬಲ್ಲವಳು ಮಾತ್ರ. ಕೊಡುವುದು ಎಷ್ಟೆಂದು ಹೇಳುವ ಹಕ್ಕು ಕೊಡುವವಳದೇ.

ಇಡೀ ಮನೆಯನ್ನೇ ಕೂಡಿಸುವ ಈ ಕ್ರಮ ನಮ್ಮ ದೇಶದಲ್ಲಿ ಹಳೆಯದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಯ ಮನೆಯವರನ್ನು ಹೊರಗೆ ಅಟ್ಟದೆ, ಆಸ್ಪತ್ರೆಯ ಬಯಲಲ್ಲಿ ಡೇರೆ ಹಾಕಿಸಿ ಅವರನ್ನೂ ಜೊತೆಗೆ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬವನ್ನು ಸೇರಿಸಿಕೊಂಡು ಚಿಕಿತ್ಸೆ ಮಾಡುವ ಪದ್ಧತಿ ಬೆಳೆಯಿತು. ನನಗೆ ನಿಜವಾದ ಸಮಗ್ರ ಚಿಕಿತ್ಸೆ ಇದು. ಹತ್ತು ಬಗೆಯ ಎಣ್ಣೆ ಇದ್ದರೂ ಅವಳೊಬ್ಬಳನ್ನೇ ಮಲಗಿಸಿ ಉಪಚರಿಸಿ, ಬದಲಾಗದ ಮನೆಗೆ ಮರಳಿ ಕಳಿಸಿದರೆ, ಕೆಲವು ದಿನಗಳ ವಿಶ್ರಾಂತಿ ಸಿಕ್ಕಂತಾಯಿತು, ಅಷ್ಟೆ. ದೂರದ ಆಸ್ಪತ್ರೆಗೆ ಹೋಗಲಾಗದವರು 14416 ಎಂಬ ಸಂಖ್ಯೆಗೆ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಅದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ಮೊದಲು ಒಬ್ಬರ ಕಿವಿಗೆ ಹಾಕುವುದೂ ದೊಡ್ಡ ಕೆಲಸವೇ.

ಬದಲಾಗುವವಳಿಗೆ ಪ್ರಶ್ನೆಗಳು ಬರಬಾರದೆಂದು ನಾನು ಹೇಳುತ್ತಿಲ್ಲ. ಉಡುತಡಿಯ ಮಹಾದೇವಿ ಅರಮನೆ, ಗಂಡ, ಉಡುಗೆ ಎಲ್ಲವನ್ನೂ ಬಿಟ್ಟು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ನಿನ್ನ ಗಂಡ ಯಾರೆಂದು ಕೇಳಿದರು, ಬಿಟ್ಟದ್ದು ನಿಜವೇ ಎಂದು ಒರೆಗೆ ಹಚ್ಚಿದರು. ಆದರೆ ಕೇಳಿದ ಮೇಲೆ ಅವಳ ಉತ್ತರಕ್ಕೆ ಕಿವಿಗೊಟ್ಟರು, ಒಪ್ಪಿದರು. ‘ಮೊದಲಿನ ಹಾಗೆ ಕೌಶಿಕನ ಮನೆಗೆ ಹೋಗು’ ಎಂದು ಯಾರೂ ಅನ್ನಲಿಲ್ಲ. ಮಹಾದೇವಿ ಎಲ್ಲರಿಗೂ ಅಕ್ಕನಾದಳು. ಆ ಹೆಸರು ಅವಳು ತಾನೇ ಇಟ್ಟುಕೊಂಡದ್ದಲ್ಲ, ಸುತ್ತಲಿನವರು ಕರೆದದ್ದು. ನಮ್ಮ ಶಾಲೆಯ ಮಕ್ಕಳು ನಮ್ಮನ್ನು ಅಕ್ಕೋರೆ ಎಂದು ಕರೆಯುವಾಗ ನನಗೆ ಒಮ್ಮೊಮ್ಮೆ ಇದು ನೆನಪಾಗುತ್ತದೆ.

ಹೊಸ್ತಿಲು ದಾಟುವವಳು ಹೆಜ್ಜೆಯನ್ನು ತಾನೇ ಇಡಬೇಕು. ಆ ಹೆಜ್ಜೆಗೆ ಬಲ ಕೊಡುವ ಔಷಧಿ, ಪಥ್ಯ, ಮಾತು, ಉಸಿರಾಟ ಎಲ್ಲವೂ ಒಳ್ಳೆಯವೇ. ಆದರೆ ‘ಬಾ’ ಎಂದು ಒಳಗಿನಿಂದ ಕರೆಯುವವರು ಬೇಕು. ಅದನ್ನು ಯಾವ ಚಿಕಿತ್ಸಾಲಯವೂ ಕೊಡಲಾರದು. ಅದು ಮಗ, ಸೊಸೆ, ಗಂಡ, ನೆರೆಹೊರೆಯವರ ಕೆಲಸ. ನಿಮ್ಮ ಮನೆಯಲ್ಲಿಯೂ ಈ ಹೊತ್ತಿನಲ್ಲಿ ಯಾರೋ ಒಬ್ಬರು ಹೊಸ್ತಿಲ ಮೇಲೆ ನಿಂತಿರಬಹುದು. ಅತ್ತೆಯೋ, ಅಕ್ಕನೋ, ಕಾಲೇಜು ಬಿಟ್ಟ ಮಗನೋ, ನಿವೃತ್ತರಾದ ಮಾವನವರೋ. ‘ಏನಾಗೇದ ನಿಮಗ?’ ಎಂದು ಕೇಳುವ ಬದಲು, ‘ಈಗ ನಿಮಗ ಏನು ಬೇಕನಸ್ತದ?’ ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಕೂಡಲೇ ಬರಲಿಕ್ಕಿಲ್ಲ. ಎಷ್ಟೋ ವರ್ಷಗಳಿಂದ ಅವರನ್ನು ಯಾರೂ ಹಾಗೆ ಕೇಳಿರುವುದಿಲ್ಲ. ತುಸು ಹೊತ್ತು ಅವರ ಹತ್ತಿರವೇ ಕುಳಿತಿರಿ.